ಕೋನ್ ಕೋಶದ ಬೆಳಕಿನ ಪ್ರತಿಕ್ರಿಯೆ: ಯಾವ ಅಯಾನ್ ಚಾನೆಲ್‌ನ ಪಾಲೆಷ್ಟು ಎಂದು ಬಿಡಿಸಿ ಅಳೆಯುವ ಬಗೆ

ಕತ್ತಲಲ್ಲಿ ಕೋನ್ ಕೋಶದ (ಕಣ್ಣಿನ ರೆಟಿನಾದಲ್ಲಿ ಹಗಲಿನ ಬೆಳಕನ್ನು ಗ್ರಹಿಸುವ ಕೋಶ) ವೋಲ್ಟೇಜ್ ಸುಮಾರು −40 ಮಿಲಿವೋಲ್ಟ್. ಬೆಳಕು ಬಿದ್ದೊಡನೆ ಬೆಳಕು ಹಿಡಿಯುವ ತುದಿಯಾದ ಹೊರಖಂಡದ ಸಿಎನ್‌ಜಿ ಚಾನೆಲ್‌ಗಳು (ಸಿಜಿಎಂಪಿ ಎಂಬ ಅಣು ತೆರೆದಿಡುವ ಅಯಾನ್ ದಾರಿಗಳು) ಮುಚ್ಚಿಕೊಳ್ಳುತ್ತವೆ, ಒಳಬರುತ್ತಿದ್ದ ಸೋಡಿಯಂ, ಕ್ಯಾಲ್ಸಿಯಂ ನಿಲ್ಲುತ್ತದೆ, ವೋಲ್ಟೇಜ್ −60ರ ಆಸುಪಾಸಿಗೆ ಇಳಿಯುತ್ತದೆ. ಪಠ್ಯಪುಸ್ತಕದ ಪಾಠ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಮುಂದಿನ ಕೋಶಕ್ಕೆ ಸಂಕೇತ ದಾಟಿಸುವ ಸಿನಾಪ್ಸ್ ನೋಡುವುದು ವೋಲ್ಟೇಜನ್ನು. ಆ ವೋಲ್ಟೇಜಿನ ಆಕಾರವನ್ನು ಬಹುಪಾಲು ತಿದ್ದುವುದು ಹೊರಖಂಡಕ್ಕೆ ಅಂಟಿದ ಒಳಖಂಡದ ಚಾನೆಲ್‌ಗಳು. ಆದ್ದರಿಂದ ಒಂದೇ ಕೋಶದಲ್ಲಿ ಮೊದಲು ಬೆಳಕಿನ ಕರೆಂಟ್, ಆಮೇಲೆ ವೋಲ್ಟೇಜ್ ದಾಖಲಿಸಿ, ಎರಡೂ ಎಲ್ಲಿ ಬೇರೆಯಾಗುತ್ತವೆ ಎಂದು ನೋಡಬೇಕು. ಕೆಳಗಿನ ವಿವರ ಹಲ್ಲಿಯಂತೆ ಕಾಣುವ ಉಭಯಚರ ಟೈಗರ್ ಸಾಲಮಾಂಡರ್‌ನ ರೆಟಿನಾಕ್ಕೆ ಸಂಬಂಧಿಸಿದ್ದು. ಅದರ ಕೋಶಗಳು ದೊಡ್ಡವು, 20–22 ಡಿಗ್ರಿ ಕೋಣೆಯಲ್ಲೇ ಚೆನ್ನಾಗಿ ಬದುಕುತ್ತವೆ.

ದ್ರಾವಣ

ಹೊರಗಿನ ರಿಂಗರ್ (ರೆಟಿನಾ ಮುಳುಗಿರುವ ಉಪ್ಪಿನ ದ್ರಾವಣ), ಮಿಲಿಮೋಲಾರ್ ಲೆಕ್ಕದಲ್ಲಿ: ಸೋಡಿಯಂ ಕ್ಲೋರೈಡ್ 111, ಪೊಟ್ಯಾಸಿಯಂ ಕ್ಲೋರೈಡ್ 2.5, ಕ್ಯಾಲ್ಸಿಯಂ ಕ್ಲೋರೈಡ್ 1.8, ಮೆಗ್ನೀಸಿಯಂ ಕ್ಲೋರೈಡ್ 0.5, ಹೆಪೆಸ್ 10, ಗ್ಲೂಕೋಸ್ 5, ಪಿಎಚ್ 7.8. ಹೆಪೆಸ್ ಸಿನಾಪ್ಸ್ ಸಂದಿಯ ಪ್ರೋಟಾನ್‌ಗಳನ್ನು ಹಿಡಿದಿಟ್ಟು, ಕೋನ್‌ಗಳನ್ನು ಅಡ್ಡಡ್ಡಲಾಗಿ ಬೆಸೆಯುವ ಹಾರಿಜಾಂಟಲ್ ಕೋಶಗಳು ಕೋನ್‌ನ ಮೇಲೆ ಬೀರುವ ಮರುಪ್ರಭಾವವನ್ನು ತಗ್ಗಿಸುತ್ತದೆ. ಕೋನ್‌ನ ಸ್ವಂತ ಚಾನೆಲ್‌ಗಳನ್ನಷ್ಟೇ ಅಳೆಯುವವರಿಗೆ ಇದು ಅನುಕೂಲವೇ. ಮರುಪ್ರಭಾವವನ್ನೇ ಅಧ್ಯಯನ ಮಾಡುವವರು ಬೈಕಾರ್ಬನೇಟ್ ರಿಂಗರ್ ಬಳಸಲಿ.

ಪಿಪೆಟ್‌ಗೆ (ಕೋಶಕ್ಕೆ ಅಂಟಿಸಿ ಒಳಗಿನಿಂದ ಅಳೆಯುವ ಸಪೂರ ಗಾಜಿನ ಕೊಳವೆ), ಅದೇ ಲೆಕ್ಕದಲ್ಲಿ: ಪೊಟ್ಯಾಸಿಯಂ ಗ್ಲೂಕೋನೇಟ್ 85, ಪೊಟ್ಯಾಸಿಯಂ ಕ್ಲೋರೈಡ್ 18, ಮೆಗ್ನೀಸಿಯಂ ಕ್ಲೋರೈಡ್ 1, ಹೆಪೆಸ್ 10, ಇಜಿಟಿಎ (ಕ್ಯಾಲ್ಸಿಯಂ ಹಿಡಿದಿಡುವ ವಸ್ತು) 0.5, ಮೆಗ್ನೀಸಿಯಂ ಎಟಿಪಿ 3, ಸೋಡಿಯಂ ಜಿಟಿಪಿ 0.5, ಪಿಎಚ್ 7.2, ಸುಕ್ರೋಸ್ ಸೇರಿಸಿ 235 ಮಿಲಿಆಸ್ಮೋಲ್‌ಗೆ ತನ್ನಿ.

ಕ್ಲೋರೈಡ್ ಒಟ್ಟು 20 ಇರುವುದಕ್ಕೆ ಕಾರಣವಿದೆ. ಹೊರಗೆ 118, ಒಳಗೆ 20 ಇದ್ದರೆ ಕ್ಲೋರೈಡ್‌ನ ಸಮತೋಲನ ವೋಲ್ಟೇಜ್ (ಅದರ ನಿವ್ವಳ ಹರಿವು ನಿಲ್ಲುವ ಮಟ್ಟ) ಸುಮಾರು −45 ಆಗುತ್ತದೆ, ಕೋನ್‌ನ ಸಹಜ ಸ್ಥಿತಿಗೆ ಹತ್ತಿರ. ಬೇರೆ ನರಕೋಶಗಳಿಗೆಂದು ಮಾಡಿಟ್ಟ, ಕ್ಲೋರೈಡ್ 7ರಷ್ಟಿರುವ ದ್ರಾವಣ ಹಾಕಿದರೆ ಅದು −71ಕ್ಕೆ ಜಾರುತ್ತದೆ. ಆಗ ಕ್ಯಾಲ್ಸಿಯಂನಿಂದ ತೆರೆಯುವ ಕ್ಲೋರೈಡ್ ಚಾನೆಲ್ ಕತ್ತಲಲ್ಲೂ ಕೋಶವನ್ನು ಬಲವಾಗಿ ಕೆಳಕ್ಕೆ ಎಳೆಯುತ್ತದೆ. ಇಲ್ಲದ ಪ್ರಭಾವವೊಂದು ಗ್ರಾಫಿನಲ್ಲಿ ಕಾಣಿಸಿಕೊಳ್ಳುತ್ತದೆ.

ಜಿಟಿಪಿ ಮರೆತರೆ ಬೆಳಕಿನ ಪ್ರತಿಕ್ರಿಯೆ ಕೆಲವೇ ನಿಮಿಷಗಳಲ್ಲಿ ಕುಗ್ಗುತ್ತದೆ, ಏಕೆಂದರೆ ಸಿಜಿಎಂಪಿ ತಯಾರಾಗುವುದು ಅದರಿಂದಲೇ. ಇಜಿಟಿಎ ಬದಲು ಕ್ಯಾಲ್ಸಿಯಂ ಅನ್ನು ಇನ್ನೂ ಚುರುಕಾಗಿ ಹೀರಿಕೊಳ್ಳುವ ಬ್ಯಾಪ್ಟಾವನ್ನು 10 ಮಿಲಿಮೋಲಾರ್ ಹಾಕಿದರೆ ಬೆಳಕಿನ ಪ್ರತಿಕ್ರಿಯೆಯ ಮೇಲೆ ಕ್ಯಾಲ್ಸಿಯಂಗಿರುವ ಹಿಡಿತ ಸಡಿಲವಾಗಿ ಪ್ರತಿಕ್ರಿಯೆ ದೊಡ್ಡದೂ ನಿಧಾನವೂ ಆಗುತ್ತದೆ.

ಕತ್ತಲಕೋಣೆಯಲ್ಲಿ

ಫೋಟೋ ಡಾರ್ಕ್‌ರೂಮಿನ ಕೆಂಪು ಬಲ್ಬ್ ಇಲ್ಲಿ ಉಪಯೋಗಕ್ಕಿಲ್ಲ. ಸಾಲಮಾಂಡರ್‌ನ ಕೆಂಪು ಕೋನ್‌ಗಳ ಸಂವೇದನೆ 610 ನ್ಯಾನೋಮೀಟರ್ ಸುತ್ತ ಗರಿಷ್ಠ. 900 ನ್ಯಾನೋಮೀಟರ್‌ನ ಇನ್‌ಫ್ರಾರೆಡ್ ಎಲ್‌ಇಡಿ ಮತ್ತು ಇನ್‌ಫ್ರಾರೆಡ್ ಕನ್ನಡಕದಲ್ಲೇ ಕೆಲಸ ಮಾಡಿ. ರೆಟಿನಾವನ್ನು ಗ್ಯಾಂಗ್ಲಿಯನ್ ಬದಿ ಕೆಳಗಾಗಿ ಫಿಲ್ಟರ್ ಪೊರೆಗೆ ಅಂಟಿಸಿ, ಬ್ಲೇಡಿನಿಂದ 125–200 ಮೈಕ್ರೋಮೀಟರ್ ದಪ್ಪಕ್ಕೆ ಕತ್ತರಿಸಿ, 90 ಡಿಗ್ರಿ ತಿರುಗಿಸಿ ಗ್ರೀಸ್‌ನಲ್ಲಿ ನಿಲ್ಲಿಸಿ. ಬ್ಲೇಡ್ ಮೊಂಡಾಗಿದ್ದರೆ ಮೊದಲು ಉದುರುವುದು ಹೊರಖಂಡಗಳೇ. ಉದ್ದ ಸಿಲಿಂಡರಿನಂಥ ಹೊರಖಂಡವಿದ್ದರೆ ಅದು ರಾಡ್ (ಮಂದ ಬೆಳಕಿನ ಕೋಶ); ಗಿಡ್ಡ, ತುದಿ ಸಣ್ಣಗಾಗಿದ್ದರೆ ಕೋನ್.

8–12 ಮೆಗಾಓಮ್‌ನ ಪಿಪೆಟ್‌ನಿಂದ ಒಳಖಂಡವನ್ನು ಹಿಡಿಯಿರಿ. ಸೀರೀಸ್ ರೆಸಿಸ್ಟೆನ್ಸ್ (ಪಿಪೆಟ್‌ನಿಂದ ಕೋಶದೊಳಕ್ಕೆ ಹೋಗುವ ದಾರಿಯ ತಡೆ) 30 ಮೆಗಾಓಮ್ ಇದ್ದು 300 ಪಿಕೋಆಂಪಿಯರ್ ಹರಿದರೆ 9 ಮಿಲಿವೋಲ್ಟ್ ತಪ್ಪು ಸೇರುತ್ತದೆ. ಅದಕ್ಕಿಂತ ಕೆಟ್ಟದಿದ್ದರೆ ಆ ಕೋಶ ಬಿಡಿ. ಗ್ಲೂಕೋನೇಟ್ ದ್ರಾವಣದ ಜಂಕ್ಷನ್ ವೋಲ್ಟೇಜ್ (ಅದು ರಿಂಗರ್‌ಗೆ ತಾಗುವಲ್ಲಿ ಹುಟ್ಟುವ ವೋಲ್ಟೇಜ್) 10 ಮಿಲಿವೋಲ್ಟ್ ದಾಟುವುದುಂಟು, ಅಳೆದು ಕಳೆಯಿರಿ. ಕತ್ತಲ ವೋಲ್ಟೇಜ್ −30ಕ್ಕಿಂತ ಮೇಲಿದ್ದರೆ ಪಿಪೆಟ್ ಕೋಶಕ್ಕೆ ಅಂಟಿದ ಸೀಲ್ ಸೋರುತ್ತಿದೆ. −55ರ ಕೆಳಗಿದ್ದರೆ ಮೊದಲು ಕೋಣೆಗೆ ಎಲ್ಲಿಂದಾದರೂ ಬೆಳಕು ನುಸುಳುತ್ತಿದೆಯೇ ನೋಡಿ. ಕಂಪ್ಯೂಟರ್ ಮಾನಿಟರ್ ಮೇಲೆ ಮೊದಲ ಗುಮಾನಿ ಇರಲಿ.

ಅಳತೆ

660 ನ್ಯಾನೋಮೀಟರ್ ಎಲ್‌ಇಡಿ ಬಳಸಿದರೆ ರಾಡ್‌ಗಳು ಹೆಚ್ಚು ತಲೆಹಾಕುವುದಿಲ್ಲ. ಕೋಶವನ್ನು −40ರಲ್ಲಿ ಕದಲದಂತೆ ಹಿಡಿದು (ಇದೇ ವೋಲ್ಟೇಜ್ ಕ್ಲಾಂಪ್) 10 ಮಿಲಿಸೆಕೆಂಡ್‌ನ ಮಿಂಚುಗಳನ್ನೂ 1 ಸೆಕೆಂಡಿನ ಬೆಳಕನ್ನೂ ಮಂದದಿಂದ ಜೋರಿನವರೆಗೆ ಕೊಡಿ. ಒಳಮುಖ ಕರೆಂಟ್ ನಿಲ್ಲುವುದರಿಂದ ಗ್ರಾಫ್ ಮೇಲಕ್ಕೇಳುತ್ತದೆ. ಬಳಿಕ ವೋಲ್ಟೇಜನ್ನು ಅದರ ಪಾಡಿಗೆ ಬಿಡುವ ಕರೆಂಟ್ ಕ್ಲಾಂಪ್‌ಗೆ ಬದಲಿಸಿ, ಯಾವ ಕರೆಂಟೂ ಕೊಡದೆ, ಅದೇ ಬೆಳಕುಗಳನ್ನು ಮತ್ತೆ ಕೊಡಿ.

ಜೋರು ಬೆಳಕಿನಲ್ಲಿ ವೋಲ್ಟೇಜ್ ತಟ್ಟನೆ ತಳಕ್ಕಿಳಿದು, ಬೆಳಕು ಆರುವ ಮುಂಚೆಯೇ ಸ್ವಲ್ಪ ಮೇಲೆ ಬಂದು ನಿಲ್ಲುತ್ತದೆ. ಈ ಮರಳುವಿಕೆಯಲ್ಲಿ ಎಚ್‌ಸಿಎನ್1 ಚಾನೆಲ್‌ನ ಪಾಲು ದೊಡ್ಡದು: ವೋಲ್ಟೇಜ್ ಇಳಿದಾಗ ಅದು ನಿಧಾನವಾಗಿ ತೆರೆಯುತ್ತದೆ, ಅದರ ಸಮತೋಲನ −30ರ ಸುತ್ತ ಇರುವುದರಿಂದ ಕೋಶವನ್ನು ಮೇಲಕ್ಕೆಳೆಯುತ್ತದೆ. ಎಲ್ಲವನ್ನೂ ಅದರ ಲೆಕ್ಕಕ್ಕೆ ಬರೆಯಬೇಡಿ. ಬೆಳಕಿನ ಕರೆಂಟೇ ಕ್ಯಾಲ್ಸಿಯಂನ ಹಿಡಿತದಿಂದ ಸ್ವಲ್ಪ ಮರಳುತ್ತದೆ. ವೋಲ್ಟೇಜ್ ಕ್ಲಾಂಪ್ ದಾಖಲೆ ಮೊದಲೇ ಬೇಕಾದುದು ಇದಕ್ಕೇ. ಬೆಳಕು ಆರಿದಾಗ ಎಚ್‌ಸಿಎನ್ ಮುಚ್ಚಲು ಹೊತ್ತು ಹಿಡಿಯುವುದರಿಂದ ವೋಲ್ಟೇಜ್ ಕತ್ತಲ ಮಟ್ಟವನ್ನೂ ದಾಟಿ ಮೇಲೇರಬಹುದು.

ಖಚಿತಪಡಿಸಿಕೊಳ್ಳಲು ರಿಂಗರ್‌ಗೆ ಎಚ್‌ಸಿಎನ್ ತಡೆಯುವ ಸೀಸಿಯಂ ಕ್ಲೋರೈಡ್ 3 ಮಿಲಿಮೋಲಾರ್ ಸೇರಿಸಿ. ಕತ್ತಲ ವೋಲ್ಟೇಜ್ ಸರಿದರೆ ತುಸು ಕರೆಂಟ್ ಕೊಟ್ಟು −40ಕ್ಕೆ ತಂದೇ ಹೋಲಿಸಿ. ತೊಳೆದರೆ ಸೀಸಿಯಂ ಹೋಗುತ್ತದೆ. ಎಚ್‌ಸಿಎನ್ ತಡೆಯುವ ಇನ್ನೊಂದು ಔಷಧ ಜಡ್‌ಡಿ7288 ಹಾಗಲ್ಲ: ಹಿಡಿಯಲು ಬಹಳ ನಿಮಿಷ ಬೇಕು, ಹಿಡಿದ ಮೇಲೆ ಬಿಡುವುದಿಲ್ಲ, ಪ್ರಮಾಣ ಹೆಚ್ಚಾದರೆ ಬೇರೆ ಚಾನೆಲ್‌ಗಳನ್ನೂ ಕೆಡಿಸುತ್ತದೆ. ಅದನ್ನು ಕೊನೆಯ ಕೋಶಕ್ಕೆ ಇಟ್ಟುಕೊಳ್ಳಿ. ಎದೆನೋವಿಗೆ ಕೊಡುವ ಐವಾಬ್ರಡಿನ್ ಇದೇ ಬಳಗದ ಚಾನೆಲ್‌ಗಳನ್ನು ತಡೆಯುವ ಮಾತ್ರೆ. ನುಂಗಿದವರಲ್ಲಿ ಕೆಲವರಿಗೆ ಬೆಳಕು ತಟ್ಟನೆ ಬದಲಾದಾಗ ಕಣ್ಣಮುಂದೆ ಹೊಳಪು ಕಾಣುವುದೂ ಇದರಿಂದಲೇ.

ಮಂದ ಬೆಳಕಿಗೆ ವೋಲ್ಟೇಜ್ ಹೆಚ್ಚು ಇಳಿಯದ ಕಾರಣ ಎಚ್‌ಸಿಎನ್ ಕೆಲಸ ಕಡಿಮೆ. ಅಲ್ಲಿ ಪೊಟ್ಯಾಸಿಯಂ ಚಾನೆಲ್‌ಗಳನ್ನು ನೋಡಬೇಕು. ಕೆವಿ2.1, ಕೆವಿ8.2 ಕೂಡಿ ಆದ ಚಾನೆಲ್ ಕತ್ತಲಲ್ಲಿ ಭಾಗಶಃ ತೆರೆದಿದ್ದು ಬೆಳಕಿಗೆ ಮುಚ್ಚುತ್ತದೆ. ಹೀಗೆ ಇಳಿತವನ್ನು ಕತ್ತರಿಸುತ್ತದೆ. ಸೋಡಿಯಂ ಕ್ಲೋರೈಡ್‌ನಲ್ಲಿ 25 ಮಿಲಿಮೋಲಾರ್ ತೆಗೆದು, ಪೊಟ್ಯಾಸಿಯಂ ಚಾನೆಲ್ ತಡೆಯುವ ಟಿಇಎ ಅಷ್ಟೇ ಹಾಕಿ. ಆಗ ಮೊನಚಾದ ಕ್ಯಾಲ್ಸಿಯಂ ಸ್ಪೈಕ್‌ಗಳು ಏಳಬಹುದು. ಪೊಟ್ಯಾಸಿಯಂ ಚಾನೆಲ್ ಹಾಕುತ್ತಿದ್ದ ಕಡಿವಾಣ ತೆಗೆದದ್ದರ ಫಲ ಅದು, ಸಹಜ ಪ್ರತಿಕ್ರಿಯೆ ಎಂದು ಬರೆದುಕೊಳ್ಳಬೇಡಿ.

ಸಿಎನ್‌ಜಿ ತಡೆಯಲು ಔಷಧ ಹುಡುಕಬೇಡಿ. ಡಿಲ್ಟಿಯಾಜೆಮ್ ಇಡೀ ಕೋಶದಲ್ಲಿ ಸರಿಯಾಗಿ ಹಿಡಿಯುವುದಿಲ್ಲ, ಕ್ಯಾಲ್ಸಿಯಂ ಚಾನೆಲ್‌ಗೂ ಕೈಹಾಕುತ್ತದೆ. ಜೋರು ಬೆಳಕೇ ಸಿಎನ್‌ಜಿಯನ್ನು ಪೂರ್ತಿ ಮುಚ್ಚುತ್ತದೆ. ಒಳಖಂಡದ ಚಾನೆಲ್‌ಗಳ ವೋಲ್ಟೇಜ್ ಮೆಟ್ಟಿಲುಗಳನ್ನು (−40ರಿಂದ −60, −80, −100ಕ್ಕೆ, ತಲಾ 1 ಸೆಕೆಂಡ್) ಆ ಬೆಳಕಿನಲ್ಲೇ ಕೊಡಿ. ಆದರೆ ಎಲ್ಲ ಮುಗಿದ ಮೇಲೆ, ಏಕೆಂದರೆ ಆ ಕೋಶ ಮತ್ತೆ ಕತ್ತಲ ಸ್ಥಿತಿಗೆ ಮರಳುವುದನ್ನು ನೆಚ್ಚಲಾಗದು.

ಕ್ಯಾಲ್ಸಿಯಂ ಕರೆಂಟ್‌ಗೆ ಪಿಪೆಟ್‌ನಲ್ಲಿ ಪೊಟ್ಯಾಸಿಯಂ ಬದಲು ಸೀಸಿಯಂ, ಟಿಇಎ ಇರಲಿ. −90ರಿಂದ +60ಕ್ಕೆ 300 ಮಿಲಿಸೆಕೆಂಡಿನಲ್ಲಿ ಏರಿಸಿದರೆ −15ರ ಸುತ್ತ ಒಳಮುಖ ತಗ್ಗು ಕಾಣುತ್ತದೆ. ಅದನ್ನು ನಿಫೆಡಿಪಿನ್‌ನಿಂದ ತಡೆಯುವಿರಾದರೆ ಬಾಟಲಿಗೂ ಕೊಳವೆಗೂ ಅಲ್ಯೂಮಿನಿಯಂ ಹಾಳೆ ಸುತ್ತಿ. ಬೆಳಕಿಗೆ ಆ ಔಷಧ ಒಡೆದುಹೋಗುತ್ತದೆ, ಬೆಳಕು ಕೊಡುವ ಪ್ರಯೋಗಕ್ಕಂತೂ ನೆಚ್ಚಿಕೆಯಿಲ್ಲ. 100 ಮೈಕ್ರೋಮೋಲಾರ್ ಕ್ಯಾಡ್ಮಿಯಂ ಹೆಚ್ಚು ವಿಶ್ವಾಸಾರ್ಹ. ರಿಂಗರ್‌ನಲ್ಲಿ ಫಾಸ್ಫೇಟ್ ಇದ್ದರೆ ಮಾತ್ರ ಅದು ಗಸಿಯಾಗಿ ಕೂರುತ್ತದೆ, ನೋಡಿಕೊಳ್ಳಿ.