ಕಥೆಯ ಭಾಷಾದೋಷಗಳನ್ನು ಗೆಳೆಯರು ತೋರಿಸಿದಾಗ

ಕಥೆಯ ಕರಡನ್ನು ಓದಿದ ಗೆಳೆಯರು ಅಲ್ಲಲ್ಲಿ ಗೆರೆ ಎಳೆದು ಹಿಂದಿರುಗಿಸಿದರೆ, ಅಂದೇ ಉತ್ತರಿಸದೆ, ಎರಡು ದಿನ ಬಿಟ್ಟು, ಯಾವುದು ತಪ್ಪು, ಯಾವುದು ಕೇವಲ ಅವರ ಅಭಿರುಚಿ ಎಂದು ಬೇರ್ಪಡಿಸಿಕೊಳ್ಳಿ. ‘ಹಾರ್ಧಿಕ’ ಎಂಬುದು ‘ಹಾರ್ದಿಕ’ ಆಗಬೇಕು, ‘ಮರಗಳು ಬಿದ್ದಿತು’ ಎಂಬುದು ‘ಮರಗಳು ಬಿದ್ದವು’ ಆಗಬೇಕು. ಇಲ್ಲಿ ವಾದಕ್ಕೆ ಎಡೆಯಿಲ್ಲ. ಪದದ ಬಗ್ಗೆ ಸಂದೇಹವಿದ್ದರೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟನ್ನು ನೋಡಿ.

ಶೈಲಿಯ ವಿಚಾರ ಇಷ್ಟು ಸುಲಭವಲ್ಲ. ಧಾರವಾಡದ ಅಜ್ಜಿ ‘ಎಲ್ಲಿಗ್ ಹೊಂಟೀ’ ಎಂದು ಕೇಳುವುದನ್ನು ‘ಎಲ್ಲಿಗೆ ಹೊರಟಿದ್ದೀಯ’ ಎಂದು ತಿದ್ದಿದವರ ಸಲಹೆಯನ್ನು ವಿನಯದಿಂದಲೇ ಬದಿಗಿಡಬಹುದು. ಆದರೆ ಅದೇ ಅಜ್ಜಿ ಮುಂದಿನ ಪುಟದಲ್ಲಿ ಮೈಸೂರಿನ ಕನ್ನಡ ಆಡುತ್ತಿದ್ದಾಳೆಯೇ ಎಂಬುದನ್ನು ನೀವೇ ಪರಿಶೀಲಿಸಬೇಕು, ಏಕೆಂದರೆ ಓದಿದವರಿಗೆ ನಿಜವಾಗಿ ಚುಚ್ಚಿದ್ದು ಆ ಅಸಂಗತಿಯೇ ಇರಬಹುದು. ‘ಬಾಗಿಲು ಅವಳಿಂದ ತೆರೆಯಲ್ಪಟ್ಟಿತು’ ಎಂಬಂಥ ಕರ್ಮಣಿ ವಾಕ್ಯ ವ್ಯಾಕರಣಬದ್ಧವಾದರೂ ಕನ್ನಡದ ಕಿವಿಗೆ ಒಗ್ಗದು; ‘ಅವಳು ಬಾಗಿಲು ತೆರೆದಳು’ ಎಂದರೆ ಸಾಕು. ವಾಕ್ಯ ಉದ್ದವಾಯಿತೆಂಬ ದೂರು ಬಂದರೆ ಅದನ್ನು ಗಟ್ಟಿಯಾಗಿ ಓದಿಸಿ ಕೇಳಿ. ಕ್ರಿಯಾಪದ ಬರುವ ಹೊತ್ತಿಗೆ ಕರ್ತೃಪದ ಮರೆತುಹೋಗಿದ್ದರೆ ಗೆಳೆಯರು ಹೇಳಿದ್ದೇ ಸರಿ. (ಬರೆದವರಿಗೆ ಅದು ಮರೆಯುವುದೇ ಇಲ್ಲ, ಆದ್ದರಿಂದ ಬೇರೊಬ್ಬರಿಂದ ಓದಿಸುವುದು ಮೇಲು.)