ಹೆಸರು ಅಳಿಸಿದ ಮೇಲೂ ಉಳಿದ ಗುರುತು

ಕ್ಷಯಕ್ಕೆ ಮಾತ್ರೆ ತಗೊಳ್ಳುವವರು ನಡುವೆ ಯಾಕೆ ನಿಲ್ಲಿಸುತ್ತಾರೆ ಅನ್ನುವ ಅಧ್ಯಯನವೊಂದಕ್ಕೆ ಎರಡು ವರ್ಷ ಡೇಟಾ ನೋಡಿಕೊಂಡೆ. ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು. ಯಾವುದು ಅಂತ ಹೇಳುವುದಿಲ್ಲ.

ಮೊದಲ ಆರು ತಿಂಗಳ ಮಾಹಿತಿ ಬಂದಾಗ ಎಕ್ಸೆಲ್ ಶೀಟಿನಿಂದ ಹೆಸರು, ಫೋನ್ ನಂಬರು ತೆಗೆದುಹಾಕಿ, ಕೆಲಸ ಮುಗಿಯಿತು ಅಂದುಕೊಂಡೆ. ಪ್ರಿಂಟ್ ತೆಗೆದು ಮೀಟಿಂಗಿನಲ್ಲಿ ಇಟ್ಟೆ. ನಮ್ಮ ಫೀಲ್ಡ್ ಹುಡುಗಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಹೆಣ್ಣು, 47, ಟೈಲರ್, ಮಕ್ಕಳಿಲ್ಲ, ಪಕ್ಕದಲ್ಲಿ ಊರಿನ ಹೆಸರು. “ಮೇಡಂ, ಇವ್ರು ಬಸ್ ಸ್ಟ್ಯಾಂಡ್ ಹತ್ರ ಬ್ಲೌಸ್ ಹೊಲೀತಾರಲ್ಲ, ಅವ್ರೇ ಅಲ್ವಾ?”

ಅವರೇ.

ಅಮೆರಿಕದಲ್ಲಿ ಲತಾನ್ಯಾ ಸ್ವೀನಿ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಇದನ್ನೇ ತೋರಿಸಿದ್ದರು. ಹೆಸರಿಲ್ಲದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಯ ಪಕ್ಕ ಇಟ್ಟು, ಹುಟ್ಟಿದ ದಿನ, ಲಿಂಗ, ಪಿನ್‌ಕೋಡು ಮೂರರಿಂದಲೇ ಮ್ಯಾಸಚೂಸೆಟ್ಸ್ ಗವರ್ನರರ ದಾಖಲೆ ಹುಡುಕಿ ತೆಗೆದರು. ಓದಿ ಗೊತ್ತಿತ್ತು. ಆದರೆ ಅದು ಕಂಪ್ಯೂಟರ್ ಬಲ್ಲವರ ಚಮತ್ಕಾರ ಅಂದುಕೊಂಡಿದ್ದೆ. ನಾನೂರು ಮನೆಯ ಊರಲ್ಲಿ ಕಂಪ್ಯೂಟರೇ ಬೇಡ, ಟೀ ಅಂಗಡಿಯಲ್ಲಿ ಕೂತವರು ಸಾಕು.

ಅಲ್ಲಿಂದ ಎಲ್ಲವನ್ನೂ ಮತ್ತೆ ಬಿಚ್ಚಿದೆ. ವಯಸ್ಸಿನ ಬದಲು 45–54 ಅನ್ನುವ ಗುಂಪು. ಟೈಲರ್ ಹೋಗಿ ‘ಸ್ವಂತ ಉದ್ಯೋಗ’ ಬಂತು. ಊರಿನ ಜಾಗಕ್ಕೆ ಹೋಬಳಿ. ಹೆಸರಿನ ಬದಲು ಕೊಟ್ಟಿದ್ದ ಕೋಡ್ ನಂಬರಿನಲ್ಲೇ ಊರಿನ ಮೊದಲಕ್ಷರ ಸೇರಿಸಿದ್ದೆವು, ನೆನೆದರೆ ಈಗ ನಾಚಿಕೆ. ತಾರೀಖುಗಳನ್ನು ಬಿಡುವ ಹಾಗಿರಲಿಲ್ಲ, ಮಾತ್ರೆ ಎಷ್ಟು ದಿನ ತಪ್ಪಿತು ಅನ್ನುವುದೇ ನಮ್ಮ ಪ್ರಶ್ನೆ. ಹಾಗಾಗಿ ಒಬ್ಬೊಬ್ಬರ ತಾರೀಖನ್ನೂ ಒಂದೊಂದು ಲೆಕ್ಕದಲ್ಲಿ ಹಿಂದೆ ಸರಿಸಿದೆ. ಒಬ್ಬರ ಎಲ್ಲ ತಾರೀಖಿಗೂ ಒಂದೇ ಲೆಕ್ಕವಾದ್ದರಿಂದ 26 ದಿನದ ಅಂತರ 26 ದಿನವಾಗಿಯೇ ಉಳಿಯಿತು. ಕೋಷ್ಟಕದಲ್ಲಿ ಐದಕ್ಕಿಂತ ಕಡಿಮೆ ಜನ ಬಂದ ಚೌಕಗಳಲ್ಲಿ ಅಂಕಿಯನ್ನೇ ಹಾಕಲಿಲ್ಲ.

ಬೆಚ್ಚಿದ್ದು ‘ಷರಾ’ ಕಾಲಂ ನೋಡಿ. “ಗಂಡನಿಗೆ ಗೊತ್ತಿಲ್ಲ, ಸ್ಕೂಲ್ ಹಿಂದೆ ನೀಲಿ ಬಾಗಿಲ ಮನೆ, ಮಧ್ಯಾಹ್ನ ಹೋಗುವುದು.” ಬರೆದವರ ಕಾಳಜಿಯೇನೋ ನಿಜ. ಆದರೆ ಆ ಶೀಟು ಆಗಲೇ ಮೂವರ ಲ್ಯಾಪ್‌ಟಾಪಿನಲ್ಲಿತ್ತು. ಅನುಮಾನ ಕೇಳಲು ಚಿಕಿತ್ಸಾ ಕಾರ್ಡಿನ ಫೋಟೋಗಳು ವಾಟ್ಸಾಪ್ ಗುಂಪಿಗೆ ಬರುತ್ತಿದ್ದವು. ಅವು ಎಲ್ಲರ ಗ್ಯಾಲರಿಯಲ್ಲಿ, ಮಗುವಿನ ಹುಟ್ಟುಹಬ್ಬದ ಫೋಟೋಗಳ ನಡುವೆ ಕೂತಿದ್ದವು. ಗುಂಪು ಮುಚ್ಚಿಸಿದೆ. ಒಂದು ವಾರ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಫೋನ್ ಮಾಡುವ ರೀತಿಯೂ ಬದಲಾಯಿತು. ಒಂದೇ ಮೊಬೈಲಿನ ಮನೆಯಲ್ಲಿ ಅತ್ತೆ ಎತ್ತುತ್ತಾರೆ. “ಟಿಬಿ ಪ್ರಾಜೆಕ್ಟಿಂದ” ಅಂದರೆ ಮುಗಿಯಿತು. “ಆರೋಗ್ಯದ ಸರ್ವೆಯವರು, ಆಮೇಲೆ ಮಾಡ್ತೀವಿ ಅಮ್ಮ” ಅಂತ ಇಡಬೇಕು, ಅಷ್ಟೇ.

ಒಪ್ಪಿಗೆ ಪತ್ರದಲ್ಲೂ ಸುಳ್ಳೊಂದಿತ್ತು: “ನಿಮ್ಮ ಮಾಹಿತಿಯನ್ನು ಯಾರಿಗೂ ತಿಳಿಸುವುದಿಲ್ಲ.” 2012ರಿಂದ ಕ್ಷಯ ಕಡ್ಡಾಯವಾಗಿ ಸರ್ಕಾರಕ್ಕೆ ವರದಿಯಾಗಬೇಕಾದ ಕಾಯಿಲೆ. ಹೊಸ ಪ್ರಕರಣ ಸಿಕ್ಕರೆ ಹೆಸರು ಸರ್ಕಾರದ ನಿಕ್ಷಯ್ ಪೋರ್ಟಲಿಗೆ ಹೋಗಲೇಬೇಕು. ಆ ವಾಕ್ಯ ತಿದ್ದಿ ಎಥಿಕ್ಸ್ ಕಮಿಟಿಗೆ ಮತ್ತೆ ಕಳಿಸಿದೆವು. 2023ರ ಡೇಟಾ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ವಿನಾಯಿತಿ ಕೊಟ್ಟಿದೆಯಲ್ಲ, ಇಷ್ಟೆಲ್ಲ ಯಾಕೆ ಅಂತ ಒಬ್ಬರು ಕೇಳಿದರು. ವಿನಾಯಿತಿಗೂ ಷರತ್ತುಗಳಿವೆ. ಆ ಡೇಟಾ ಇಟ್ಟುಕೊಂಡು ಒಬ್ಬ ವ್ಯಕ್ತಿಯ ಬಗ್ಗೆ ಯಾವ ತೀರ್ಮಾನವನ್ನೂ ಮಾಡುವಂತಿಲ್ಲ. ಅದಲ್ಲದೆ ಆ ಟೈಲರಮ್ಮನಿಗೆ ಕಾಯ್ದೆಯ ಭಯವಿರಲಿಲ್ಲ, ಬ್ಲೌಸ್ ಕೊಡಲು ಬರುವವರು ನಿಂತುಬಿಟ್ಟಾರು ಅನ್ನುವ ಭಯವಿತ್ತು.

ಕೋಡಿಗೂ ಹೆಸರಿಗೂ ಕೊಂಡಿಯಿದ್ದ ಫೈಲು ಇಂಟರ್ನೆಟ್ ಇಲ್ಲದ ಒಂದೇ ಕಂಪ್ಯೂಟರಿನಲ್ಲಿ, ಪಾಸ್‌ವರ್ಡಿನ ಹಿಂದೆ ಇತ್ತು. ಅಧ್ಯಯನ ಮುಗಿದು, ಮಾಹಿತಿ ವಾಪಸ್ ಪಡೆಯಲು ಕೊಟ್ಟ ಗಡುವು ಕಳೆದ ಮೇಲೆ ಇಬ್ಬರು ಕೂತು ಅದನ್ನು ಅಳಿಸಿದೆವು. ಅದಾಗಿ ಹತ್ತು ದಿನಕ್ಕೆ ಒಬ್ಬರು ಫೋನ್ ಮಾಡಿ, “ನಂದು ತೆಗೆದಾಕ್ಬುಡಿ ಮೇಡಂ” ಅಂದರು. ಗಡುವಿನ ತಾರೀಖು ಪತ್ರದಲ್ಲಿತ್ತು, ನಾವೇ ಓದಿ ಹೇಳಿದ್ದೆವು. ಆದರೂ ಕೂತು ಶೀಟು ತೆರೆದೆ. ಅಷ್ಟು ಸಾಲುಗಳಲ್ಲಿ ಅವರದು ಯಾವುದೆಂದು ನನಗೂ ಗೊತ್ತಾಗಲಿಲ್ಲ.