ಸಾರಿಗೆ ಬಿದ್ದ ಹಸಿರು ಹುಳದ ಮನೆ ಹುಡುಕಿದ್ದು

ದೀಪಾವಳಿ ಆಸುಪಾಸಿನಲ್ಲಿ ಬೆಂಗಳೂರು ಜಕ್ಕೂರಿನ ನಮ್ಮ ಅಡುಗೆಮನೆ ಟ್ಯೂಬ್‌ಲೈಟಿಗೆ ಸಣ್ಣ ಹಸಿರು ಹುಳಗಳು ಮುತ್ತುತ್ತವೆ. "ಮೊದ್ಲು ಲೈಟ್ ಆರಿಸೋ, ಸಾರಿಗೆ ಬೀಳ್ತಿವೆ" ಅಂತ ಅಮ್ಮ ಬೈಯುತ್ತಾರೆ. ಎರಡು ವರ್ಷದ ಹಿಂದೆ ಒಂದನ್ನು ಸೀಸೆಗೆ ಹಾಕಿಕೊಂಡೆ. ನಾಲ್ಕು ಮಿಲಿಮೀಟರ್ ಉದ್ದ, ರೆಕ್ಕೆಯ ತುದಿ ಕಪ್ಪು, ನಡುವೆ ಒಂದು ಕಪ್ಪು ಬೊಟ್ಟು.

ಜಿಗಿಹುಳು ಅನ್ನುವುದು ಬೇಗ ಗೊತ್ತಾಯಿತು. ಲೆನ್ಸ್ ಹಿಡಿದು ಹಿಂಗಾಲು ನೋಡಿದರೆ ಬಾಚಣಿಗೆ ಹಲ್ಲಿನ ಹಾಗೆ ಸಾಲು ಮುಳ್ಳು. ಭತ್ತದ ಕಂದು ಜಿಗಿಹುಳುವಿಗೆ ಹೀಗಿಲ್ಲ, ಅದರ ಹಿಂಗಾಲಿನಲ್ಲಿ ಅಲ್ಲಾಡುವ ದಪ್ಪ ಮುಳ್ಳೊಂದು ಇರುತ್ತದೆ. ನಾವು ಎರಡನ್ನೂ ಜಿಗಿಹುಳು ಅಂತಲೇ ಕರೆಯುತ್ತೇವೆ, ಕುಟುಂಬ ಮಾತ್ರ ಬೇರೆ ಬೇರೆ.

ಆಮೇಲೆ ಎಡವಿದೆ. ಹಸಿರು, ರೆಕ್ಕೆತುದಿ ಕಪ್ಪು, ಇನ್ನೇನು, ಭತ್ತಕ್ಕೆ ಟುಂಗ್ರೋ ರೋಗ ಹರಡುವ ನೆಫೊಟೆಟಿಕ್ಸ್ ವೈರೆಸೆನ್ಸ್ ಅಂತ ಚೀಟಿ ಬರೆದು ಅಂಟಿಸಿದೆ. ಆದರೆ ಜಕ್ಕೂರಿನಲ್ಲಿ ಈಗ ಭತ್ತ ಎಲ್ಲಿದೆ? ಸುತ್ತ ಇರುವುದು ಅಪಾರ್ಟ್‌ಮೆಂಟು. ಅದೇ ಕೊರೆಯುತ್ತಿತ್ತು.

ಮಾರ್ಚ್‌ನಲ್ಲಿ ಹಳೇ ಪಂಚೆ ಬಟ್ಟೆಯಲ್ಲಿ ಬಲೆ ಹೊಲಿದು ಕೆರೆಗೆ ಹೋದೆ. ಜೊತೆಗೆ ಬಾಯಲ್ಲಿ ಗಾಳಿ ಎಳೆದು ಹುಳ ಹಿಡಿಯುವ ಕೊಳವೆ. ನಡುವೆ ತೆಳು ಬಟ್ಟೆ ಕಟ್ಟಲೇಬೇಕು, ಇಲ್ಲದಿದ್ದರೆ ಹುಳ ನೇರ ಗಂಟಲಿಗೆ. (ಒಂದು ಸಲ ಹೋಗಿದೆ.) ಜೊಂಡಿನ ಮೇಲೆ ಬಲೆ ಬೀಸಿದೆ, ಬರೀ ಜೇಡ. ಜೇಕಿನಲ್ಲಿ ಒಂದೆರಡು ದೊಡ್ಡ ಹುಳ. ನೀರಿನಂಚಿನ ಒರಟು ಹುಲ್ಲಿಗೆ ಕೈ ಹಾಕಿದಾಗ, ದನಕ್ಕೆ ಹುಲ್ಲು ಕುಯ್ಯುತ್ತಿದ್ದವರೊಬ್ಬರು ಕೂಗಿದರು: "ಸಾರ್, ಅದು ಕೈ ಕುಯ್ಯುತ್ತೆ, ನೋಡ್ಕೊಳ್ಳಿ!" ಅಷ್ಟರಲ್ಲಿ ಕುಯ್ದಿತ್ತು. ಗಿಣ್ಣಿನ ಸುತ್ತ ಬಿಳಿ ಕೂದಲಿರುವ ಆ ಹುಲ್ಲು ಲೀರ್ಸಿಯಾ ಹೆಕ್ಸಾಂಡ್ರಾ. ಎರಡು ಸಲ ಬಲೆ ಬೀಸಿದ್ದಕ್ಕೆ ಹನ್ನೊಂದು ಹಸಿರು ಹುಳ ಸಿಕ್ಕವು. ಅದಕ್ಕಿಂತ ಖುಷಿ ಕೊಟ್ಟದ್ದು ರೆಕ್ಕೆ ಮೂಡದ ಮರಿಗಳು.

ರೆಕ್ಕೆಯ ಹುಳ ಎಲ್ಲಿ ಬೇಕಾದರೂ ಬಂದು ಕೂರಬಹುದು, ಲೈಟಿಗೂ ಬರುತ್ತದೆ. ಅದು ಕೂತ ಜಾಗವನ್ನೇ ಅದರ ಮನೆ ಅಂದುಬಿಟ್ಟರೆ ನಮ್ಮ ಅಡುಗೆಮನೆಯೂ ಮನೆಯೇ. ಮರಿಗಳಿಗೆ ಹಾರಲು ಬರುವುದಿಲ್ಲ. ತಾಯಿ ಎಲೆಯ ಬುಡದ ಪೊರೆಯೊಳಗೆ ಮೊಟ್ಟೆ ಇಡುತ್ತದೆ, ಒಡೆದ ಮರಿ ಅಲ್ಲೇ ರಸ ಹೀರಿ ಐದು ಹಂತ ದಾಟಿ ಬೆಳೆಯುತ್ತದೆ. ಆದರೆ ಮರಿ ನೋಡಿ ಜಾತಿ ಹೇಳುವುದು ಕಷ್ಟ. ಬಾಟಲಿ ನೀರಿನಲ್ಲಿ ಅದೇ ಹುಲ್ಲು ನಿಲ್ಲಿಸಿ, ಸೊಳ್ಳೆಪರದೆ ಕಟ್ಟಿ ಸಾಕಿದೆ. ಅಮ್ಮ ಮಾತು ಬಿಟ್ಟರು. ಎರಡು ವಾರದಲ್ಲಿ ಮೂರು ಗಂಡು ಬಂದವು.

ಮೂರಕ್ಕೂ ತಲೆಯ ಮುಂದಂಚಿಗೆ ಕಾಡಿಗೆ ಎಳೆದ ಹಾಗೆ ಕಪ್ಪು ಪಟ್ಟಿ, ಎದೆಯ ಮುಂದಂಚೂ ಕಪ್ಪು. ರೆಕ್ಕೆಯ ಬೊಟ್ಟು, ರೆಕ್ಕೆಯ ಒಳಬದಿಯಲ್ಲಿ ಉದ್ದಕ್ಕೆ ಹೋಗುವ ಗೆರೆಯನ್ನು ಮುಟ್ಟಿತ್ತು. ವೈರೆಸೆನ್ಸ್ ಆಗಿದ್ದರೆ ತಲೆ ಬರೀ ಹಸಿರು. ಹಾಗಾದರೆ ಇದು ನೆಫೊಟೆಟಿಕ್ಸ್ ನೈಗ್ರೊಪಿಕ್ಟಸ್. ಹಳೆಯ ಬರಹಗಳಲ್ಲಿ ವೈರೆಸೆನ್ಸ್‌ಗೆ ಇಂಪಿಕ್ಟಿಸೆಪ್ಸ್ ಅಂತ ಹೆಸರಿತ್ತು, ಲ್ಯಾಟಿನ್‌ನಲ್ಲಿ 'ಬಣ್ಣ ಬಳಿಯದ ತಲೆ'. ನೈಗ್ರೊಪಿಕ್ಟಸ್ ಅಂದರೆ 'ಕಪ್ಪು ಬಳಿದದ್ದು'. ಹೆಸರಲ್ಲೇ ಗುರುತಿತ್ತು, ನಾನೇ ಕಣ್ಣು ಬಿಟ್ಟು ನೋಡಿರಲಿಲ್ಲ ಅಷ್ಟೆ. ಸೀಸೆಯ ಮೊದಲ ಹುಳ ತೆಗೆದು ನೋಡಿದೆ, ಪಟ್ಟಿ ಇತ್ತು!

ಬಣ್ಣವನ್ನೇ ನಂಬುವ ಹಾಗಿಲ್ಲ. ಪಟ್ಟಿಯಿರುವ ಬೇರೆ ಜಾತಿಗಳೂ ಇದೇ ಕುಲದಲ್ಲಿವೆ. ಗಂಡಿನ ಹೊಟ್ಟೆಯ ತುದಿ ಬಿಡಿಸಿ, 10% ಪೊಟ್ಯಾಸಿಯಮ್ ಹೈಡ್ರಾಕ್ಸೈಡ್‌ನಲ್ಲಿ ರಾತ್ರಿಯಿಡೀ ನೆನೆಸಿ, ತೊಳೆದು ಗ್ಲಿಸರಿನ್ ಹನಿಯಲ್ಲಿಟ್ಟು ಜನನಾಂಗದ ಮುಳ್ಳುಗಳ ಜೋಡಣೆಯನ್ನು ಚಿತ್ರದ ಜೊತೆ ಹೋಲಿಸಬೇಕು. ಅವಸರಕ್ಕೆ ಬಿಸಿ ಮಾಡಿ ಒಂದನ್ನು ಕರಗಿಸಿಬಿಟ್ಟೆ. ಎರಡನೆಯದು ಸರಿಯಾಗಿ ಕಂಡಿತು, ನೈಗ್ರೊಪಿಕ್ಟಸ್ ಚಿತ್ರಕ್ಕೇ ಹೊಂದಿತು. ಜಿಗಿಹುಳುಗಳ ವರ್ಗೀಕರಣದಲ್ಲಿ ಜಗತ್ತೇ ಬಲ್ಲ ಸಿ. ಎ. ವಿರಕ್ತಮಠ ಅವರು ಕೆಲಸ ಮಾಡಿದ ಕೃಷಿ ವಿಶ್ವವಿದ್ಯಾಲಯ ನಮ್ಮ ಪಕ್ಕದ ಜಿಕೆವಿಕೆ ಆವರಣದಲ್ಲೇ ಇದೆ. ಅದು ನೆನಪಾಗಿ ಸ್ವಲ್ಪ ನಾಚಿಕೆಯೂ ಆಯಿತು.

ಬೇಸಿಗೆಯಲ್ಲೂ ಮರಿ ಹೇಗೆ ಅಂದರೆ, ಜಕ್ಕೂರು ಕೆರೆಗೆ ಶುದ್ಧೀಕರಿಸಿದ ಕೊಳಚೆನೀರು ವರ್ಷವಿಡೀ ಹರಿಯುತ್ತದೆ. ಅಂಚಿನ ಹುಲ್ಲು ಒಣಗುವುದೇ ಇಲ್ಲ. ಈ ಜಾತಿಗೆ ಭತ್ತವೇ ಬೇಕೆಂದಿಲ್ಲ, ಇಂಥ ಹುಲ್ಲು ಸಾಕು.

ಚೀಟಿ ಬದಲಾಯಿಸಿದೆ. ಈ ದೀಪಾವಳಿಗೆ ಸಾರಿನಿಂದ ತೆಗೆದ ಐದರಲ್ಲಿ ಎರಡರ ತಲೆ ಬರೀ ಹಸಿರು. ಅವುಗಳ ಮರಿಗಾಗಿ ಈಗ ಮತ್ತೆ ಬಲೆ ಬೀಸುತ್ತಿದ್ದೇನೆ.